ಕಣ್ಣಿಗೆ ಕಾಣದಷ್ಟು ದೂರ ಹಾರುವ ಡ್ರೋನ್

ಅಕ್ಕಂದಿರೇ, ಡ್ರೋನ್ ನೋಡಿದ್ದೀರಾ?

ಮದುವೆ ಮನೆಯಲ್ಲಿ ನೋಡಿರುತ್ತೀರಿ. ಜೇನು ಹುಳದ ಹಾಗೆ ಗುಂಯ್ ಅಂತ ಸದ್ದು ಮಾಡುತ್ತಾ ಮೇಲಿನಿಂದ ಫೋಟೋ ತೆಗೆಯುತ್ತದೆ. ಕೆಲವರು ಹೊಲದಲ್ಲೂ ನೋಡಿದ್ದೀರಿ. ಬೆಳೆಗೆ ಔಷಧಿ ಸಿಂಪಡಿಸುತ್ತದೆ. ಅದರೊಳಗೆ ಮನುಷ್ಯರು ಇರುವುದಿಲ್ಲ. ನೆಲದ ಮೇಲೆ ನಿಂತವರು ರಿಮೋಟ್ ಹಿಡಿದು ಹಾರಿಸುತ್ತಾರೆ. ಹಾರಿಸುವವರಿಗೆ ಪೈಲಟ್ ಅಂತಾರೆ.

ಈ ಪೈಲಟ್ ಗಂಡಸೇ ಆಗಬೇಕು ಅಂತ ಏನೂ ಇಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 'ನಮೋ ಡ್ರೋನ್ ದೀದಿ' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದು ಅದರ ಗುರಿ. ಸಂಘದ ಒಬ್ಬ ಹೆಣ್ಣುಮಗಳಿಗೆ 15 ದಿನ ತರಬೇತಿ. ಇಂಥ ಅಕ್ಕ ಹಾರಿಸುವ ಡ್ರೋನ್ ಹೊಲದ ಬದು ದಾಟಿ ಹೋಗುವುದಿಲ್ಲ. ಅದು ಅವಳ ಕಣ್ಣೆದುರಿಗೇ ಇರುತ್ತದೆ. ಗಾಳಿ ಬಂತು, ತಂತಿ ಅಡ್ಡ ಬಂತು ಅಂದರೆ ನೋಡಿ ತಿರುಗಿಸುತ್ತಾಳೆ.

ನಾವು ಈ ಪಾಠದಲ್ಲಿ ಓದುವುದು ಬೇರೆ ಡ್ರೋನ್. ಅದು ಹತ್ತು ಕಿಲೋಮೀಟರ್ ಹೋಗುತ್ತದೆ. ಐವತ್ತು ಕಿಲೋಮೀಟರ್ ಹೋಗುವುದೂ ಉಂಟು. ಹಾರಿಸುವವರು ಒಂದು ಊರಲ್ಲಿ, ಡ್ರೋನ್ ಇನ್ನೊಂದು ಊರ ಮೇಲೆ. ಪೈಲಟ್‌ಗೆ ಡ್ರೋನ್ ಕಾಣುವುದೇ ಇಲ್ಲ.

ಕಾಣದ್ದನ್ನು ಹಾರಿಸಬಹುದೇ? ಹಾರಿಸಿದರೆ ಕೆಳಗಿರುವ ನಮ್ಮ ಗತಿ ಏನು? ಇದಕ್ಕೆ ಯಾರು ಅನುಮತಿ ಕೊಡುತ್ತಾರೆ? ಒಂದೊಂದಾಗಿ ನೋಡೋಣ.

ಅಷ್ಟು ದೂರ ಏಕೆ ಹೋಗಬೇಕು?

ಹೆರಿಗೆ ಆದ ಮೇಲೆ ಕೆಲವು ತಾಯಂದಿರಿಗೆ ರಕ್ತ ನಿಲ್ಲುವುದಿಲ್ಲ. ಇದು ನಿಮಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಪ್ರತಿ ಊರಲ್ಲೂ ಇಂಥ ಒಂದು ಹೆಸರು ನೆನಪಿರುತ್ತದೆ. ಆಗ ಒಂದೆರಡು ಗಂಟೆಯಲ್ಲೇ ಜೀವ ಹೋಗಬಹುದು. ರಕ್ತ ಬೇಕು. ಅದೇ ಗುಂಪಿನದು ಬೇಕು. ಸಣ್ಣ ಆಸ್ಪತ್ರೆಯಲ್ಲಿ ಎಲ್ಲಾ ಗುಂಪಿನ ರಕ್ತ ಇಟ್ಟುಕೊಳ್ಳುವುದು ಕಷ್ಟ. ಇಟ್ಟರೂ ಬಳಸದೆ ಕೆಡುತ್ತದೆ. ರಕ್ತದ ಪ್ಲೇಟ್‌ಲೆಟ್ ಅನ್ನುವ ಭಾಗವಂತೂ ಐದು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ.

ಆಫ್ರಿಕಾ ಖಂಡದಲ್ಲಿ ರುವಾಂಡ ಎಂಬ ಚಿಕ್ಕ ದೇಶವಿದೆ. ಸಾವಿರ ಬೆಟ್ಟಗಳ ನಾಡು ಅಂತ ಅದಕ್ಕೆ ಹೆಸರು. ನಮ್ಮ ಮಲೆನಾಡಿನ ಹಾಗೆ ಸುತ್ತು ರಸ್ತೆ. ಅಲ್ಲಿ 2016ರ ಅಕ್ಟೋಬರಿನಲ್ಲಿ ಮುಹಾಂಗ ಎಂಬ ಊರಿನಿಂದ ಡ್ರೋನಿನಲ್ಲಿ ರಕ್ತ ಕಳಿಸಲು ಶುರು ಮಾಡಿದರು. ಈ ಕೆಲಸ ಮಾಡಿದ್ದು ಜಿಪ್‌ಲೈನ್ ಎಂಬ ಕಂಪನಿ. ಅದರ ಡ್ರೋನ್ ಚಿಕ್ಕ ವಿಮಾನದ ಆಕಾರದಲ್ಲಿದೆ. ಕವಣೆಯಲ್ಲಿ ಕಲ್ಲು ಬೀಸುತ್ತೇವಲ್ಲ, ಹಾಗೆ ಅದನ್ನು ಮೇಲಕ್ಕೆ ಚಿಮ್ಮಿಸುತ್ತಾರೆ. ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ. ಆಸ್ಪತ್ರೆಯ ಹತ್ತಿರ ಬಂದಾಗ ಅದು ಇಳಿಯುವುದಿಲ್ಲ. ಕಾಗದದ ಕೊಡೆ ಕಟ್ಟಿದ ಡಬ್ಬಿಯನ್ನು ಕೆಳಗೆ ಬಿಟ್ಟು ವಾಪಸು ಹೋಗುತ್ತದೆ. ನರ್ಸಮ್ಮ ಬಂದು ಡಬ್ಬಿ ಎತ್ತಿಕೊಳ್ಳುತ್ತಾರೆ. ರಕ್ತ ಬೇಕಾದಾಗ ತರಿಸಬಹುದು ಅಂತ ಆದ ಮೇಲೆ, ಆಸ್ಪತ್ರೆಗಳಲ್ಲಿ ಇಟ್ಟಲ್ಲೇ ಹಾಳಾಗುವ ರಕ್ತವೂ ಬಹಳ ಕಡಿಮೆ ಆಯಿತು.

ನಮ್ಮ ದೇಶದ ಮಾತು. ಮಣಿಪುರದಲ್ಲಿ ಲೋಕ್ತಕ್ ಎಂಬ ದೊಡ್ಡ ಸರೋವರ ಇದೆ. ಅದರ ನಡುವೆ ಕರಾಂಗ್ ಎಂಬ ದ್ವೀಪ. ದ್ವೀಪ ಅಂದರೆ ಸುತ್ತಲೂ ನೀರಿರುವ ನೆಲ. 2021ರ ಅಕ್ಟೋಬರ್ 4ರಂದು ಬಿಷ್ಣುಪುರದ ಜಿಲ್ಲಾ ಆಸ್ಪತ್ರೆಯಿಂದ ಈ ದ್ವೀಪಕ್ಕೆ ಡ್ರೋನಿನಲ್ಲಿ ಕೊರೋನಾ ಲಸಿಕೆ ಹೋಯಿತು. ದಾರಿಯಲ್ಲಿ ಹೋದರೆ 26 ಕಿಲೋಮೀಟರ್. ಆಕಾಶದಲ್ಲಿ 15 ಕಿಲೋಮೀಟರ್. ಡ್ರೋನ್ ಹೋಗಲು ಹಿಡಿದದ್ದು 12ರಿಂದ 15 ನಿಮಿಷ. ಅವತ್ತೇ ಅಲ್ಲಿ 10 ಜನಕ್ಕೆ ಮೊದಲ ಸೂಜಿ, 8 ಜನಕ್ಕೆ ಎರಡನೇ ಸೂಜಿ ಹಾಕಿದರು. ಹದಿನೆಂಟು ಜನ ಅಂದರೆ ಚಿಕ್ಕ ಲೆಕ್ಕ. ಆದರೆ ಆ ಹದಿನೆಂಟು ಜನ ದೋಣಿ ಹತ್ತಬೇಕಾಗಲಿಲ್ಲ, ಕೂಲಿ ಬಿಡಬೇಕಾಗಲಿಲ್ಲ.

ನಮ್ಮ ತಲೆ ಮೇಲೆ ಬಿದ್ದರೆ?

ಕಲಿಕಾ ಕೇಂದ್ರದಲ್ಲಿ ಈ ವಿಷಯ ಎತ್ತಿದಾಗ ಒಬ್ಬ ಅಜ್ಜಿ ಮೊದಲು ಕೇಳಿದ್ದು ಇದನ್ನೇ. "ಔಷ್ದಿ ಯಾರಿಗೋ ಹೋಗ್ತದೆ. ಹೊಲದಾಗೆ ಕಳೆ ಕೀಳ್ತಿರೋಳು ನಾನು. ನನ್ನ ತಲೆ ಮ್ಯಾಲೆ ಬಿದ್ರೆ ಯಾರು ಕೇಳ್ತಾರೆ?"

ಅಜ್ಜಿಯ ಪ್ರಶ್ನೆ ಸರಿಯಾದದ್ದು. ಹಾರುವುದು ಒಂದಲ್ಲ ಒಂದು ದಿನ ಬೀಳುತ್ತದೆ. ಚಿತ್ರದುರ್ಗ ಜಿಲ್ಲೆಯವರಿಗೆ ಇದು ಗೊತ್ತು. ಚಳ್ಳಕೆರೆ ಹತ್ತಿರ ರಕ್ಷಣಾ ಇಲಾಖೆಯ ಡಿಆರ್‌ಡಿಒ ಸಂಸ್ಥೆ ಆಳಿಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷೆ ಮಾಡುತ್ತದೆ. 2019ರ ಸೆಪ್ಟೆಂಬರಿನಲ್ಲಿ ಒಂದು ವಿಮಾನ ಜೋಡಿಚಿಕ್ಕೇನಹಳ್ಳಿ ಹತ್ತಿರ ಹೊಲದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಬಿತ್ತು. ಅದೂ ಹೊಲದಲ್ಲೇ. ಯಾರಿಗೂ ಪೆಟ್ಟಾಗಲಿಲ್ಲ. ಇವು ಔಷಧಿ ಹೊರುವ ಸಣ್ಣ ಡ್ರೋನ್‌ಗಳಲ್ಲ. ಅವಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಇವನ್ನು ಬೆಂಗಳೂರಿನ ಮೇಲೆ ಪರೀಕ್ಷೆ ಮಾಡದೆ ಚಳ್ಳಕೆರೆಯ ಬಯಲಿನಲ್ಲಿ ಏಕೆ ಮಾಡುತ್ತಾರೆ? ಬಯಲಿನಲ್ಲಿ ಜನ ಕಡಿಮೆ. ಬಿದ್ದರೂ ಹಾನಿ ಕಡಿಮೆ.

ಸುರಕ್ಷತೆಯ ಮೊದಲ ಲೆಕ್ಕ ಇದೇ. ಡ್ರೋನಿನ ಕೆಳಗೆ ಯಾರಿದ್ದಾರೆ? ಶಾಲೆ ಇದೆಯೇ, ಸಂತೆ ಇದೆಯೇ, ಜಾತ್ರೆ ಇದೆಯೇ? ಎರಡನೇ ಲೆಕ್ಕ, ಆಕಾಶದಲ್ಲಿ ಅದರ ಜೊತೆ ಯಾರಿದ್ದಾರೆ? ವಿಮಾನ ಇಳಿಯುವ ದಾರಿಯೇ, ಹೆಲಿಕಾಪ್ಟರ್ ಬರುವ ಜಾಗವೇ? ಯುರೋಪಿನ ದೇಶಗಳಲ್ಲಿ ದೂರ ಹಾರುವ ಡ್ರೋನಿಗೆ ಅನುಮತಿ ಕೇಳಿದರೆ ಅಧಿಕಾರಿಗಳು ಮುಖ್ಯವಾಗಿ ಈ ಎರಡು ಲೆಕ್ಕ ನೋಡುತ್ತಾರೆ. ಕೆಳಗೆ ಎಷ್ಟು ಅಪಾಯ, ಮೇಲೆ ಎಷ್ಟು ಅಪಾಯ. ಅಪಾಯ ಹೆಚ್ಚಾದಷ್ಟೂ ಶರತ್ತು ಹೆಚ್ಚು. ಕೆರೆ, ಕಾಡು, ಖಾಲಿ ಹೊಲದ ಮೇಲೆ ಹೋಗುವ ದಾರಿ ಒಂದೆರಡು ಕಿಲೋಮೀಟರ್ ಉದ್ದವಾದರೂ ಅದೇ ಮೇಲು. ಅಜ್ಜಿ ಕೇಳಿದ್ದೂ ಆ ಮೊದಲನೇ ಲೆಕ್ಕವನ್ನೇ. ಅವರು ಓದದೇ ಕೇಳಿದರು, ಅಷ್ಟೇ.

ಕಣ್ಣಿನ ಕೆಲಸ ಯಾರು ಮಾಡಬೇಕು?

ಪೈಲಟ್‌ಗೆ ಡ್ರೋನ್ ಕಾಣುವುದಿಲ್ಲ ಅಂದೆವು. ಹಾಗಾದರೆ ಕಣ್ಣಿನ ಕೆಲಸವನ್ನು ಯಂತ್ರಗಳು ಮಾಡಬೇಕು.

ಡ್ರೋನಿನಲ್ಲಿ ಜಿಪಿಎಸ್ ಇರುತ್ತದೆ. ನಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಅಂತ ಅದಕ್ಕೆ ತಿಳಿಯುತ್ತದೆ. ಆ ಸುದ್ದಿ ಕ್ಷಣಕ್ಷಣಕ್ಕೂ ಪೈಲಟ್‌ನ ಪರದೆ ಮೇಲೆ ಬರುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ ಎಂಬುದೂ ಬರುತ್ತದೆ. ಮೊಬೈಲಿನಲ್ಲಿ ಚಾರ್ಜು ನೋಡುತ್ತೇವಲ್ಲ, ಹಾಗೆ. ಹೋಗುವುದಕ್ಕೆ ಬೇಕು, ಬರುವುದಕ್ಕೆ ಬೇಕು, ಎದುರು ಗಾಳಿ ಬಂದರೆ ಅಂತ ಇನ್ನಷ್ಟು ಬೇಕು. ಈ ಮಿಗಿತ ಇಟ್ಟುಕೊಳ್ಳದೆ ಹಾರಿಸುವುದು ತಪ್ಪು.

ಸಂಪರ್ಕ ಕಡಿದುಹೋದರೆ? ಸಿಗ್ನಲ್ ಸಿಗದೆ ಮರ ಹತ್ತಿ ಫೋನ್ ಮಾಡುವ ಊರುಗಳು ನಮ್ಮಲ್ಲೂ ಇವೆ. ಡ್ರೋನಿಗೂ ಅದೇ ಕಷ್ಟ. ಅದಕ್ಕೇ ಒಳ್ಳೆಯ ಡ್ರೋನಿಗೆ ಎರಡು ಬಗೆಯ ಸಂಪರ್ಕ ಇಡುತ್ತಾರೆ. ಒಂದು ರೇಡಿಯೋ, ಇನ್ನೊಂದು ಮೊಬೈಲ್ ಜಾಲ. ಎರಡೂ ಕೈಕೊಟ್ಟರೆ ಏನು ಮಾಡಬೇಕು ಅಂತ ಮೊದಲೇ ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಹೊರಟ ಜಾಗಕ್ಕೆ ವಾಪಸು ಬಾ, ಇಲ್ಲವೇ ಗುರುತು ಹಾಕಿದ ಖಾಲಿ ಜಾಗದಲ್ಲಿ ಇಳಿ. ಕಣ್ಣಿಗೆ ಕಾಣದ ಬೇಲಿಯೂ ಒಂದು ಇರುತ್ತದೆ. ಈ ಗೆರೆ ದಾಟಬೇಡ ಅಂತ ಅದರ ಕಂಪ್ಯೂಟರಿನಲ್ಲಿ ಬರೆದಿರುತ್ತಾರೆ. ದನಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿದ ಹಾಗೆ. ಹಗ್ಗ ಕಾಣುವುದಿಲ್ಲ ಅಷ್ಟೇ.

ಮೋಟಾರು ಕೆಟ್ಟರೆ? ರುವಾಂಡದ ಆ ಡ್ರೋನಿಗೆ ಎರಡು ಮೋಟಾರು ಇಟ್ಟರು. ಒಂದು ನಿಂತರೂ ಇನ್ನೊಂದರಲ್ಲಿ ಹಾರುತ್ತದೆ. ಏನೂ ಆಗದು ಅಂದಾಗ ಅದರ ಬೆನ್ನಿನಿಂದ ದೊಡ್ಡ ಪ್ಯಾರಾಚೂಟ್, ಅಂದರೆ ಗಾಳಿಕೊಡೆ, ಬಿಚ್ಚಿಕೊಳ್ಳುತ್ತದೆ. ಧಬ್ಬನೆ ಬೀಳದೆ ನಿಧಾನ ಇಳಿಯುತ್ತದೆ.

ಇವೆಲ್ಲ ಇದ್ದ ಮೇಲೂ ನೆಲದಲ್ಲಿ ಒಬ್ಬರು ಪರದೆ ಮುಂದೆ ಎಚ್ಚರವಾಗಿ ಕೂತಿರಲೇಬೇಕು. ಯಂತ್ರವೇ ನೋಡಿಕೊಳ್ಳುತ್ತದೆ ಅಂತ ಚಹಾ ಕುಡಿಯಲು ಎದ್ದು ಹೋಗುವಂತಿಲ್ಲ.

ಬಸ್ಸಿನ ಪರ್ಮಿಟ್, ಡ್ರೋನಿನ ಪರ್ಮಿಟ್

ಅನುಮತಿಯ ವಿಷಯ ಕಗ್ಗಂಟು ಅಂತ ಹೆದರಬೇಡಿ. ನಮ್ಮೂರಿಗೆ ಬರುವ ಖಾಸಗಿ ಬಸ್ಸನ್ನು ನೆನೆಯಿರಿ. ಗಾಡಿ ಸರಿಯಾಗಿದೆ ಅಂತ ಎಫ್‌ಸಿ ಬೇಕು. ನಂಬರ್ ಪ್ಲೇಟ್ ಬೇಕು. ಡ್ರೈವರ್‌ಗೆ ಲೈಸೆನ್ಸ್ ಬೇಕು. ಇನ್ಶೂರೆನ್ಸ್ ಬೇಕು. ಯಾವ ದಾರಿಯಲ್ಲಿ ಓಡಬೇಕು ಅಂತ ಪರ್ಮಿಟ್ ಬೇಕು.

ಡ್ರೋನಿಗೂ ಬಹುಮಟ್ಟಿಗೆ ಹೀಗೆಯೇ. ನಮ್ಮ ದೇಶದಲ್ಲಿ ವಿಮಾನಗಳ ಉಸ್ತುವಾರಿ ನೋಡುವ ಕಚೇರಿಗೆ ಡಿಜಿಸಿಎ ಅಂತಾರೆ. ಅದು ದೆಹಲಿಯಲ್ಲಿದೆ. 2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರ ಡ್ರೋನ್ ನಿಯಮಗಳನ್ನು ಹೊರಡಿಸಿತು. ಡ್ರೋನಿನ ಮಾದರಿ ಪರೀಕ್ಷೆ ಆಗಿ ಪ್ರಮಾಣ ಪತ್ರ ಪಡೆಯಬೇಕು. ಪ್ರತಿ ಡ್ರೋನಿಗೂ ಒಂದು ಗುರುತಿನ ಸಂಖ್ಯೆ ಬೇಕು. ಪೈಲಟ್‌ಗೆ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ತರಬೇತಿ ಪಡೆದಿರಬೇಕು. ಕಾಲು ಕಿಲೋಗಿಂತ ಭಾರದ ಡ್ರೋನಿಗೆ ವಿಮೆ ಬೇಕು. ಇದು ಮೂರನೆಯವರ ವಿಮೆ. ಅಂದರೆ ಡ್ರೋನ್ ಬಿದ್ದು ನಿಮ್ಮ ಕೈ ಮುರಿದರೆ, ನಿಮ್ಮ ಮನೆಯ ಹೆಂಚು ಒಡೆದರೆ ಪರಿಹಾರ ಕೊಡಲು ಇರುವ ವಿಮೆ. ಇಲ್ಲಿ ಮೂರನೆಯವರು ಅಂದರೆ ನಾವು! ಅಪಘಾತ ಆದರೆ 48 ಗಂಟೆಯೊಳಗೆ ಪೈಲಟ್ ವರದಿ ಮಾಡಬೇಕು. ಬಚ್ಚಿಡುವಂತಿಲ್ಲ.

ಆಕಾಶಕ್ಕೆ ಬಣ್ಣವನ್ನೂ ಹಚ್ಚಿದ್ದಾರೆ. ನಿಜವಾಗಿ ಅಲ್ಲ, ನಕ್ಷೆಯಲ್ಲಿ. ಹಸಿರು, ಹಳದಿ, ಕೆಂಪು. ಹಸಿರು ಜಾಗದಲ್ಲಿ ನೆಲದಿಂದ 400 ಅಡಿ ತನಕ ಹಾರಿಸಲು ಬೇರೆ ಅನುಮತಿ ಕೇಳಬೇಕಿಲ್ಲ. ಒಂದು ಎತ್ತರದ ತೆಂಗಿನ ಮರ 80 ಅಡಿ ಅಂತ ಇಟ್ಟುಕೊಳ್ಳಿ. ಅಂಥ ಐದು ಮರ ಒಂದರ ಮೇಲೊಂದು ನಿಲ್ಲಿಸಿದರೆ 400 ಅಡಿ. ಹಳದಿ ಜಾಗದಲ್ಲಿ ಕೇಳಿ ಹಾರಿಸಬೇಕು. ವಿಮಾನ ನಿಲ್ದಾಣದ ಹತ್ತಿರ ಇಂಥ ಜಾಗ ಬರುತ್ತದೆ. ಕೆಂಪು ಜಾಗದಲ್ಲಿ ಕೇಂದ್ರ ಸರ್ಕಾರದ ಅಪ್ಪಣೆ ಇಲ್ಲದೆ ಹಾರಿಸಕೂಡದು.

ಮೊದಲು ಡ್ರೋನಿನ ಕೆಲಸಕ್ಕೆ 25 ಬಗೆಯ ಅರ್ಜಿ ನಮೂನೆಗಳು ಇದ್ದವು. 2021ರ ನಿಯಮದಲ್ಲಿ ಅವು 5 ಆದವು. 72 ಬಗೆಯ ಶುಲ್ಕ ಇತ್ತು. ಅದು 4 ಆಯಿತು. ಒಂದು ರೇಷನ್ ಕಾರ್ಡಿಗೆ ನಾಲ್ಕು ಸಲ ಓಡಾಡಿದವರಿಗೆ 25 ಅರ್ಜಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕೇ?

ಆದರೆ ಅರ್ಜಿ ಕಡಿಮೆ ಆದ ಮಾತ್ರಕ್ಕೆ ದೂರದ ಹಾರಾಟ ಸುಲಭ ಆಗುವುದಿಲ್ಲ. ಅದಕ್ಕೆ ನಂಬಿಕೆ ಬೇಕು. ನಂಬಿಕೆ ಹುಟ್ಟಲು ಹಾರಿಸಿ ತೋರಿಸಬೇಕು.

ಗೌರಿಬಿದನೂರಿನ ಪರೀಕ್ಷೆ

2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 20 ಸಂಸ್ಥೆಗಳಿಗೆ ಕಣ್ಣಿಗೆ ಕಾಣದ ದೂರಕ್ಕೆ ಡ್ರೋನ್ ಹಾರಿಸಿ ನೋಡಲು ಶರತ್ತಿನ ಮೇಲೆ ಅವಕಾಶ ಕೊಟ್ಟಿತು. ಅವುಗಳಲ್ಲಿ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಎಂಬ ಕಂಪನಿಯೂ ಒಂದು. ಇವರು ಜೂನ್ ತಿಂಗಳಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಪರೀಕ್ಷೆ ಶುರು ಮಾಡಿದರು. ಬೆಂಗಳೂರಿನ ನಾರಾಯಣ ಹೆಲ್ತ್ ಆಸ್ಪತ್ರೆ ಜೊತೆ ಕೊಟ್ಟಿತು. ಔಷಧಿ ಸಾಗಿಸುವ ಪರೀಕ್ಷೆ. ಎರಡು ಬಗೆಯ ಡ್ರೋನ್ ಇದ್ದವು. ಒಂದು 1 ಕಿಲೋ ಹೊತ್ತು 15 ಕಿಲೋಮೀಟರ್ ಹೋಗುವಂಥದ್ದು. ಇನ್ನೊಂದು 2 ಕಿಲೋ ಹೊತ್ತು 12 ಕಿಲೋಮೀಟರ್ ಹೋಗುವಂಥದ್ದು. ಭಾರ ಹೆಚ್ಚಾದರೆ ದೂರ ಕಡಿಮೆ ಆಗುತ್ತದೆ, ನೋಡಿ. ನೀರಿನ ಕೊಡ ಹೊತ್ತವರಿಗೆ ಇದು ಹೊಸದಲ್ಲ.

ಈ ಪರೀಕ್ಷೆಯಲ್ಲಿ ಡಿಜಿಸಿಎ ಕೇಳಿದ್ದು ಕನಿಷ್ಠ 100 ಗಂಟೆಯ ಹಾರಾಟ. ಒಂದು ಸಲ ಹಾರಿಸಿ ಚಪ್ಪಾಳೆ ಹೊಡೆಸಿಕೊಂಡರೆ ಸಾಲದು. ಬೆಳಗಿನ ಗಾಳಿ ಬೇರೆ, ಮಧ್ಯಾಹ್ನದ ಗಾಳಿ ಬೇರೆ. ಹೊಸ ಬ್ಯಾಟರಿ ಬೇರೆ, ಹಳೇ ಬ್ಯಾಟರಿ ಬೇರೆ. ಗಂಟೆಗಟ್ಟಲೆ ಹಾರಿಸಿ ಲೆಕ್ಕ ಬರೆದಿಟ್ಟಾಗಲೇ ಡ್ರೋನಿನ ಗುಣ ತಿಳಿಯುತ್ತದೆ. ಹೊಸ ಎತ್ತನ್ನು ಗಾಡಿಗೆ ಕಟ್ಟುವ ಮೊದಲು ಖಾಲಿ ನೊಗ ಹೂಡಿ ಓಡಾಡಿಸುವುದಿಲ್ಲವೇ? ಅದೇ ರೀತಿ.

ಇಂಥ ಲೆಕ್ಕ ಕೈಯಲ್ಲಿದ್ದರೆ ಅನುಮತಿ ಕೊಡುವವರಿಗೂ ಧೈರ್ಯ. ಬಸ್ಸು ದಿನಾ ಬೆಳಗ್ಗೆ ಆರ್‌ಟಿಒ ಕಚೇರಿಗೆ ಹೋಗಿ ಇವತ್ತು ಓಡಲೇ ಅಂತ ಕೇಳುವುದಿಲ್ಲ. ಆ ದಾರಿಗೆ ಒಮ್ಮೆ ಪರ್ಮಿಟ್ ಸಿಕ್ಕರೆ ಅದರ ಅವಧಿ ಮುಗಿಯುವ ತನಕ ಓಡುತ್ತದೆ. ಡ್ರೋನಿನ ದಾರಿಯೂ ಹಾಗೇ ಆಗಬೇಕು ಅನ್ನುವುದು ನಮ್ಮ ಅನಿಸಿಕೆ. ಜಿಲ್ಲಾ ಆಸ್ಪತ್ರೆಯಿಂದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದೇ ದಾರಿ. ಅದನ್ನು ಒಮ್ಮೆ ಚೆನ್ನಾಗಿ ಪರೀಕ್ಷೆ ಮಾಡಿ. ಆಮೇಲೆ ಪ್ರತಿ ಬಾಟಲಿ ರಕ್ತಕ್ಕೂ ಹೊಸ ಅರ್ಜಿ ಕೇಳಬೇಡಿ. ರಾತ್ರಿ ಎರಡು ಗಂಟೆಗೆ ಹೆರಿಗೆ ಆದ ತಾಯಿಗೆ ಕಚೇರಿ ತೆಗೆಯುವ ತನಕ ಕಾಯಲು ಆಗದು.

ಬೇರೆ ಕಡೆ ಈ ದಾರಿ ಹಿಡಿದಿದ್ದಾರೆ. ಯುರೋಪಿನಲ್ಲಿ 2024ರ ಜನವರಿ 1ರಿಂದ ಕೆಲವು ಹಾರಾಟಗಳಿಗೆ ಸಿದ್ಧ ಶರತ್ತಿನ ಪಟ್ಟಿ ಜಾರಿಯಲ್ಲಿದೆ. ಜನ ವಿರಳವಾಗಿರುವ ಕಡೆ, ದಾರಿಯಲ್ಲಿ ಆಕಾಶ ನೋಡುವ ಕಾವಲಿನವರನ್ನು ನಿಲ್ಲಿಸಿಕೊಂಡು, 2 ಕಿಲೋಮೀಟರ್ ತನಕ ಕಣ್ಣಿಗೆ ಕಾಣದ ದೂರ ಹಾರಿಸಬಹುದು. ಪಟ್ಟಿಯಲ್ಲಿರುವ ಶರತ್ತು ಎಲ್ಲಾ ಪಾಲಿಸುತ್ತೇವೆ ಅಂತ ಬರೆದುಕೊಟ್ಟು ಸ್ವೀಕೃತಿ ಪಡೆದರೆ ಆಯಿತು. ಅದಕ್ಕಿಂತ ದೂರ ಹೋಗಬೇಕಾದರೆ ಲೆಕ್ಕ ತೋರಿಸಿ ಅನುಮತಿ ಪಡೆಯಬೇಕು.

ಊರಿನ ಹೆಂಗಸರು ಕೇಳಬೇಕಾದದ್ದು

ನಕ್ಷೆಯಲ್ಲಿ ನಮ್ಮೂರು ಹಸಿರಾಗಿರಬಹುದು. ನಕ್ಷೆ ಬರೆದವರು ನಮ್ಮೂರ ಸಂತೆ ಯಾವ ವಾರ ಅಂತ ಬಲ್ಲರೇ? ಜಾತ್ರೆಯ ತೇರು ಯಾವ ಬಯಲಿನಲ್ಲಿ ಎಳೆಯುತ್ತಾರೆ ಅಂತ ಬಲ್ಲರೇ? ಅದನ್ನು ಬಲ್ಲವರು ನೀವು. ಡ್ರೋನಿನ ದಾರಿ ಗೊತ್ತು ಮಾಡುವ ಮೊದಲು ಊರವರನ್ನು ಕೂರಿಸಿ ಕೇಳಿದರೆ ದಾರಿಯೂ ಸರಿಯಾಗುತ್ತದೆ, ಹೆದರಿಕೆಯೂ ಹೋಗುತ್ತದೆ. ಹೇಳದೆ ಕೇಳದೆ ಒಂದು ದಿನ ತಲೆ ಮೇಲೆ ಗುಂಯ್ ಅಂದರೆ ಹುಡುಗರು ಕಲ್ಲು ಬೀರುತ್ತಾರೆ. ಆ ಕಲ್ಲಿನಿಂದ ಬೀಳುವುದು ಯಾರಿಗೋ ಹೊರಟ ರಕ್ತ.

ಇನ್ನೊಂದು ಮಾತು ಹೆಂಗಸರು ಗಟ್ಟಿಯಾಗಿ ಕೇಳುವುದಿಲ್ಲ. ಪಿಸುಗುಟ್ಟುತ್ತಾರೆ. "ಅದರಲ್ಲಿ ಕ್ಯಾಮರಾ ಇರ್ತದಲ್ಲ? ನಮ್ಮ ಬಚ್ಚಲಿಗೆ ಸೂರಿಲ್ಲ." ಪಿಸುಗುಟ್ಟುವುದು ಬೇಡ. ಗ್ರಾಮಸಭೆಯಲ್ಲೇ ಕೇಳಿ. ಕ್ಯಾಮರಾ ಇದೆಯೇ, ಅದು ಎತ್ತ ನೋಡುತ್ತದೆ, ತೆಗೆದ ಚಿತ್ರ ಯಾರ ಹತ್ತಿರ ಇರುತ್ತದೆ, ಎಷ್ಟು ದಿನ ಇರುತ್ತದೆ? ಸ್ನಾನ ಮಾಡುವ, ಬಟ್ಟೆ ಬದಲಿಸುವ ಹೆಣ್ಣನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಇದಕ್ಕೆ ಜೈಲು ಶಿಕ್ಷೆ ಇದೆ. ಕೈಯಲ್ಲಿ ಹಿಡಿದ ಮೊಬೈಲಿನಿಂದ ತೆಗೆದರೂ ತಪ್ಪು, ಡ್ರೋನಿನಿಂದ ತೆಗೆದರೂ ತಪ್ಪು.

ಡ್ರೋನ್ ಹೊಲದಲ್ಲಿ ಬಿದ್ದಿದ್ದರೆ ಮುಟ್ಟಬೇಡಿ. ಮಕ್ಕಳನ್ನು ದೂರ ನಿಲ್ಲಿಸಿ. ಅದರ ಬ್ಯಾಟರಿ ಜಜ್ಜಿಹೋಗಿದ್ದರೆ ಸ್ವಲ್ಪ ಹೊತ್ತಿನ ಮೇಲೂ ಬೆಂಕಿ ಹತ್ತಬಹುದು. ಹುಲ್ಲಿನ ಬಣವೆ ಹತ್ತಿರ ಇದ್ದರೆ ಇನ್ನೂ ಎಚ್ಚರ. 112ಕ್ಕೆ ಫೋನ್ ಮಾಡಿ. ದೂರದಿಂದಲೇ ಅದರ ಮೇಲಿನ ಸಂಖ್ಯೆ ಕಂಡರೆ ಬರೆದುಕೊಳ್ಳಿ. ಈಗ ನಿಮಗೆ ಬರೆಯಲು ಬರುತ್ತದೆ.

ಹೊಸ ಪದಗಳು

ಅನುಮತಿ – ಒಪ್ಪಿಗೆ
ಶರತ್ತು – ಪಾಲಿಸಲೇಬೇಕಾದ ಮಾತು
ಸಂಪರ್ಕ – ಒಂದಕ್ಕೊಂದು ಸುದ್ದಿ ಮುಟ್ಟುವ ದಾರಿ
ಪರಿಹಾರ – ಆದ ನಷ್ಟಕ್ಕೆ ಕೊಡುವ ಹಣ

ಬರೆಯೋಣ

1. ನಿಮ್ಮ ಊರಿನಿಂದ ಜಿಲ್ಲಾ ಆಸ್ಪತ್ರೆ ಎಷ್ಟು ಕಿಲೋಮೀಟರ್? ಮಳೆಗಾಲದಲ್ಲಿ ಹೋಗಲು ಎಷ್ಟು ಹೊತ್ತು ಬೇಕು?

2. ನಿಮ್ಮ ಊರಿನ ಚಿತ್ರ ಬರೆಯಿರಿ. ಶಾಲೆ, ಸಂತೆ, ಕೆರೆ, ಕರೆಂಟಿನ ದೊಡ್ಡ ಕಂಬ, ಮೊಬೈಲ್ ಟವರ್ ಗುರುತು ಮಾಡಿ. ಆರೋಗ್ಯ ಕೇಂದ್ರಕ್ಕೆ ಡ್ರೋನ್ ಯಾವ ಕಡೆಯಿಂದ ಬಂದರೆ ಒಳ್ಳೆಯದು? ಆ ದಾರಿಗೆ ಗೆರೆ ಎಳೆಯಿರಿ.

3. ಗ್ರಾಮಸಭೆಯಲ್ಲಿ ಕೇಳಲು ಎರಡು ಪ್ರಶ್ನೆ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.